ಸ್ಕೈಹಾಕ್ ಮಾಡ್, ಮತ್ತು ತಪ್ಪು ಜಾಗದಲ್ಲಿ ಕೂತ ತಲೆ

ಪ್ರಶ್ನೆ: ನಮಸ್ಕಾರ ಸರ್. ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಬಿಡುವಿದ್ದಾಗ ಡಿಸಿಎಸ್ ವರ್ಲ್ಡ್ ಅನ್ನುವ ವಿಮಾನ ಹಾರಿಸುವ ಕಂಪ್ಯೂಟರ್ ಆಟ ಆಡುತ್ತೇನೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎ-4ಇ ಸ್ಕೈಹಾಕ್ ಯುದ್ಧವಿಮಾನದ ಮಾಡ್ (ಆಟಕ್ಕೆ ಹೊರಗಿನವರು ಮಾಡಿದ ಸೇರ್ಪಡೆ) ಹಾಕಿಕೊಂಡು ಒಂದು ವರ್ಷ ಹಾರಿಸಿದ್ದೆ. ಈಗ ಡೆಸ್ಕ್‌ಟಾಪ್ ಮತ್ತು 24 ಇಂಚಿನ ಮಾನಿಟರ್ ತೆಗೆದುಕೊಂಡಿದ್ದೇನೆ. ಮೊದಲು ನೋಡಿದ್ದ ಅದೇ ಹಳೆಯ ವಿಡಿಯೊ ನೋಡಿಕೊಂಡು ಮಾಡ್‌ನ ಹೊಸ ಆವೃತ್ತಿ ಹಾಕಿದೆ. ವಿಮಾನ ಪಟ್ಟಿಯಲ್ಲಿ ಬರಲೇ ಇಲ್ಲ. ಆಮೇಲೆ ಗೆಳೆಯನೊಬ್ಬ ಲ್ಯಾಪ್‌ಟಾಪ್‌ನ ಸೇವ್ಡ್ ಗೇಮ್ಸ್ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ, ಹೊಸ ಮಾಡನ್ನು ಅದರ ಮೇಲೆಯೇ ಪೇಸ್ಟ್ ಮಾಡಿದ. ಈಗ ವಿಮಾನ ಬರುತ್ತದೆ. ಆದರೆ ನನ್ನ ತಲೆ ಸೀಟಿನ ಒಳಗೆ ಹೂತುಹೋದ ಹಾಗಿದೆ. ಗುರಿ ಹಿಡಿಯುವ ಗಾಜಿನ, ಅಂದರೆ ಗನ್‌ಸೈಟ್‌ನ ಗುರುತು ಕಾಣುವುದಿಲ್ಲ. ದೃಶ್ಯ ತಾನಾಗಿಯೇ ಹತ್ತಿರ-ದೂರ ಆಗುತ್ತಿರುತ್ತದೆ. ಆಟದಲ್ಲೇ ಬರುವ ಸು-25ಟಿ ವಿಮಾನ ಹಾರಿಸಿದರೆ ಯಾವ ತೊಂದರೆಯೂ ಇಲ್ಲ. ಆಟದ ಕೆಟ್ಟ ಫೈಲ್‌ಗಳನ್ನು ಸರಿಮಾಡುವ ರಿಪೇರ್ ಎರಡು ಸಲ ಕೊಟ್ಟೆ. ಕೊನೆಗೆ ಆಟವನ್ನೇ ತೆಗೆದು 120 ಜಿಬಿ ಮತ್ತೆ ಇಳಿಸಿಕೊಂಡೆ. ಏನೂ ಬದಲಾಗಲಿಲ್ಲ. ಮಾಡ್ ಕೆಟ್ಟಿದೆಯಾ?

ಉತ್ತರ: ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಮಾಡ್ ಕೆಟ್ಟಿಲ್ಲ. ಆಟವೂ ಕೆಟ್ಟಿಲ್ಲ. 120 ಜಿಬಿ ಮತ್ತೆ ಇಳಿಸಿಕೊಂಡಿರಿ ಅಂತ ಓದಿ ನನಗೆ ನಿಜಕ್ಕೂ ಬೇಜಾರಾಯಿತು. ಯಾಕಂದರೆ ನಿಮ್ಮ ತೊಂದರೆ ಆ 120 ಜಿಬಿಯಲ್ಲಿ ಇಲ್ಲವೇ ಇಲ್ಲ. ಕೆಲವು ಕೆಬಿಯಷ್ಟೇ ಇರುವ ನಾಲ್ಕಾರು ಫೈಲ್‌ಗಳಲ್ಲಿದೆ. ಆ ಫೈಲ್‌ಗಳನ್ನು ರಿಪೇರ್ ಮುಟ್ಟುವುದಿಲ್ಲ. ಆಟವನ್ನು ತೆಗೆದುಹಾಕಿದರೂ ಅವು ಹಾಗೇ ಉಳಿದುಕೊಳ್ಳುತ್ತವೆ.

ಇದೊಂದು ವಿಷಯ ಅರ್ಥವಾದರೆ ಮುಂದಿನದೆಲ್ಲ ಸುಲಭ. ಡಿಸಿಎಸ್‌ಗೆ ಎರಡು ಮನೆ. ಒಂದು ಆಟದ ಮನೆ. ನೀವು ಆಟವನ್ನು ಇನ್‌ಸ್ಟಾಲ್ ಮಾಡಿದ ಜಾಗ ಅದು. ವಿಮಾನಗಳು, ನಕ್ಷೆಗಳು, ಶಬ್ದಗಳು ಎಲ್ಲ ಅಲ್ಲಿರುತ್ತವೆ. ಅಪ್‌ಡೇಟ್ ಬಂದಾಗ ಬದಲಾಗುವುದು ಅದೇ, ರಿಪೇರ್ ಸರಿಮಾಡುವುದೂ ಅದನ್ನೇ. ಇನ್ನೊಂದು ನಿಮ್ಮ ಮನೆ. ವಿಂಡೋಸ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಒಳಗೆ ಸೇವ್ಡ್ ಗೇಮ್ಸ್, ಅದರೊಳಗೆ ಡಿಸಿಎಸ್. ನಿಮ್ಮ ಕೀ ಸೆಟ್ಟಿಂಗ್, ಉಳಿಸಿಟ್ಟ ಕಾಕ್‌ಪಿಟ್ ನೋಟ, ಮಾಡ್‌ಗಳು, ಲಾಗ್ (ಆಟ ಏನೇನು ಮಾಡಿತು ಅಂತ ಬರೆದಿಡುವ ಫೈಲ್) ಎಲ್ಲ ಇರುವುದು ಇಲ್ಲಿ. ಏನೇ ತೊಂದರೆ ಬಂದರೂ ಅದು ಯಾವ ಮನೆಯದು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಅಲ್ಲಿಯವರೆಗೆ ಯಾವುದಕ್ಕೂ ಕೈ ಹಾಕಬೇಡಿ.

ಗೊತ್ತುಮಾಡಿಕೊಳ್ಳೋದಕ್ಕೆ ಎರಡು ನಿಮಿಷ ಸಾಕು. ಆಟ ಮುಚ್ಚಿ. ಸೇವ್ಡ್ ಗೇಮ್ಸ್ ಒಳಗಿನ ಡಿಸಿಎಸ್ ಫೋಲ್ಡರ್‌ನ ಹೆಸರು ಬದಲಿಸಿ, ಕೊನೆಗೆ ಓಲ್ಡ್ ಅಂತ ಸೇರಿಸಿದರೆ ಸಾಕು. ಆಮೇಲೆ ಆಟ ತೆರೆಯಿರಿ. ನಿಮ್ಮ ಮನೆ ಕಾಣದಿದ್ದರೆ ಆಟ ತಾನೇ ಒಂದು ಹೊಸ ಖಾಲಿ ಮನೆ ಕಟ್ಟಿಕೊಳ್ಳುತ್ತದೆ. ಮಾಡ್ ಹಳೆಯ ಮನೆಯಲ್ಲೇ ಉಳಿದಿರುತ್ತದೆ, ಹಾಗಾಗಿ ಹೊಸ ಮನೆಗೆ ಮಾಡ್ ಒಂದನ್ನೇ ಹಾಕಿ ನೋಡಿ. ಆಗ ತೊಂದರೆ ಹೋಯಿತಾ? ಹಾಗಾದರೆ ಅದು ನಿಮ್ಮ ಮನೆಯದು. ಇನ್ನೂ ಇದೆಯಾ? ಆಗ ರಿಪೇರ್ ಕೊಡಿ, ಅದಕ್ಕೆ ಅರ್ಥವಿದೆ. ಪರೀಕ್ಷೆ ಮುಗಿದ ಮೇಲೆ ಹೊಸ ಫೋಲ್ಡರ್ ತೆಗೆದು ಹಳೆಯ ಹೆಸರನ್ನೇ ಮತ್ತೆ ಇಟ್ಟರಾಯಿತು. ಏನೂ ಕಳೆದುಹೋಗಿರುವುದಿಲ್ಲ.

ಹೆಸರು ಬದಲಿಸಿ ಅಂದೆ, ಅಳಿಸಿ ಅನ್ನಲಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಿಂದೊಮ್ಮೆ ಇಂಥದೇ ತೊಂದರೆ ಬಂದಾಗ ರಾತ್ರಿ ಹನ್ನೆರಡರ ಹೊತ್ತಿಗೆ ತಾಳ್ಮೆ ಕೆಟ್ಟು, ಸೇವ್ಡ್ ಗೇಮ್ಸ್‌ನ ಡಿಸಿಎಸ್ ಒಳಗಿರುವ ಕಾನ್ಫಿಗ್ ಫೋಲ್ಡರನ್ನೇ ಅಳಿಸಿಬಿಟ್ಟೆ. ಅದರೊಳಗಿನ ಇನ್‌ಪುಟ್ ಫೋಲ್ಡರ್‌ನಲ್ಲಿ ಎಂಟು ವಿಮಾನಗಳಿಗೆ ಒಂದೊಂದಾಗಿ ಕೂತು ಮಾಡಿದ ಕೀ ಸೆಟ್ಟಿಂಗ್ ಇತ್ತು. ಅದನ್ನೆಲ್ಲ ಮತ್ತೆ ಕೂರಿಸೋದಕ್ಕೆ ಎರಡು ವಾರ ಹಿಡಿಯಿತು. ಅವತ್ತಿನಿಂದ ಯಾವ ಫೋಲ್ಡರ್ ಮುಟ್ಟುವ ಮೊದಲೂ ಕಾನ್ಫಿಗ್‌ನ ಒಂದು ಪ್ರತಿ ಪೆನ್ ಡ್ರೈವ್‌ಗೆ ಹಾಕಿಕೊಳ್ಳುತ್ತೇನೆ. ನೀವೂ ಮೊದಲು ಆ ಕೆಲಸ ಮುಗಿಸಿ.

ಈಗ ನಿಮ್ಮ ಕಥೆಗೆ ಬರೋಣ. ಮೊದಲ ಸಲ ಮಾಡ್ ಹಾಕಿದಾಗ ವಿಮಾನ ಯಾಕೆ ಬರಲಿಲ್ಲ? ನೀವು 'ಹಳೆಯ ವಿಡಿಯೊ' ಅಂತ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. 2024ರವರೆಗೆ ಡಿಸಿಎಸ್‌ನಲ್ಲಿ ಎರಡು ಧಾರೆ ಇದ್ದವು, ಸ್ಟೇಬಲ್ (ಪರೀಕ್ಷೆ ಮುಗಿದದ್ದು) ಮತ್ತು ಓಪನ್ ಬೀಟಾ (ಮೊದಲೇ ಸಿಗುವ ಪರೀಕ್ಷಾ ಆವೃತ್ತಿ). ಬಹಳ ಜನ ಬಳಸುತ್ತಿದ್ದದ್ದು ಓಪನ್ ಬೀಟಾ. ಅದರ ಫೋಲ್ಡರ್‌ನ ಹೆಸರು 'ಡಿಸಿಎಸ್.ಓಪನ್‌ಬೀಟಾ'. ಆ ವರ್ಷ ಎರಡನ್ನೂ ಸೇರಿಸಿ ಒಂದೇ ಮಾಡಿದರು. ಈಗ ಹೊಸದಾಗಿ ಆಟ ಹಾಕಿದವರ ಫೋಲ್ಡರ್‌ನ ಹೆಸರು ಬರೀ 'ಡಿಸಿಎಸ್'. ಹಳೆಯ ವಿಡಿಯೊ ನೋಡಿದವರು ಓಪನ್‌ಬೀಟಾ ಹೆಸರಿನ ಫೋಲ್ಡರ್ ಹುಡುಕುತ್ತಾರೆ. ಸಿಗದಿದ್ದರೆ ತಾವೇ ಒಂದು ಮಾಡಿ, ಅದರೊಳಗೆ ಮಾಡ್ ಹಾಕುತ್ತಾರೆ. ಆಟ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಎರಡೂ ಹೆಸರಿನ ಫೋಲ್ಡರ್ ಇದ್ದರೆ ಆಟ ಯಾವುದನ್ನು ಓದುತ್ತಿದೆ ಅಂತ ತಿಳಿಯೋದು ಹೇಗೆ? ಆಟವನ್ನು ಒಮ್ಮೆ ತೆರೆದು ಮುಚ್ಚಿ. ಎರಡೂ ಫೋಲ್ಡರ್‌ಗಳಲ್ಲಿ ಲಾಗ್ಸ್ ಒಳಗೆ ಹೋಗಿ ಡಿಸಿಎಸ್.ಲಾಗ್ ಫೈಲ್‌ನ ಸಮಯ ನೋಡಿ. ಈಗಿನ ಗಂಟೆ ಯಾವುದರಲ್ಲಿದೆಯೋ ಆಟ ಓದುತ್ತಿರುವುದು ಅದನ್ನು. ಇನ್ನೊಂದು ಸುಮ್ನೆ ಬಿದ್ದಿದೆ ಅಷ್ಟೇ. ನಿಮ್ಮ ಮೊದಲ ಪ್ರಯತ್ನದ ಮಾಡ್ ಅಲ್ಲೇ ಕೂತಿರುವ ಸಾಧ್ಯತೆ ಜಾಸ್ತಿ.

ಸರಿಯಾದ ಫೋಲ್ಡರ್‌ನಲ್ಲೂ ಒಂದು ತಪ್ಪು ತುಂಬ ಸಾಮಾನ್ಯ. ಜಿಪ್ ಬಿಚ್ಚುವಾಗ ಒಂದರೊಳಗೆ ಇನ್ನೊಂದು ಫೋಲ್ಡರ್ ಆಗಿಬಿಡುತ್ತದೆ. ದಾರಿ ಹೀಗಿರಬೇಕು: ಡಿಸಿಎಸ್, ಅದರೊಳಗೆ ಮಾಡ್ಸ್, ಅದರೊಳಗೆ ಏರ್‌ಕ್ರಾಫ್ಟ್, ಅದರೊಳಗೆ ಎ-4ಇ-ಸಿ. ಈ ಕೊನೆಯ ಫೋಲ್ಡರ್ ತೆರೆದ ಕೂಡಲೇ ಎಂಟ್ರಿ.ಲುವಾ ಅನ್ನುವ ಫೈಲ್ ಕಾಣಬೇಕು. ಅದರ ಬದಲು ಮತ್ತೊಂದು ಎ-4ಇ-ಸಿ ಫೋಲ್ಡರ್ ಕಂಡರೆ ಒಂದು ಪದರ ಹೆಚ್ಚಾಗಿದೆ ಅಂತ ಅರ್ಥ. ಆಟ ವಿಮಾನವನ್ನು ಗುರುತಿಸೋದು ಎಂಟ್ರಿ.ಲುವಾ ಓದಿಯೇ. ಅದು ಒಂದು ಮೆಟ್ಟಿಲು ಕೆಳಗಿದ್ದರೂ ಆಟಕ್ಕೆ ಆ ವಿಮಾನ ಇದೆ ಅಂತಲೇ ಗೊತ್ತಾಗುವುದಿಲ್ಲ.

ನಿಮ್ಮ ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಸಹಾಯ ಮಾಡಿದ್ದಾನೆ, ವಿಮಾನವೂ ಬಂತು. ಆದರೆ ಹಳೆಯ ಮಾಡ್ ಮೇಲೆ ಹೊಸದನ್ನು ಪೇಸ್ಟ್ ಮಾಡಬಾರದಿತ್ತು. ಒಂದೇ ಹೆಸರಿನ ಫೈಲ್ ಇದ್ದರೆ ಹೊಸದು ಹಳೆಯದರ ಜಾಗಕ್ಕೆ ಬರುತ್ತದೆ, ಅದು ಸರಿ. ಆದರೆ ಹೊಸ ಆವೃತ್ತಿಯಲ್ಲಿ ಬೇಡವೆಂದು ತೆಗೆದುಹಾಕಿದ ಫೈಲ್‌ಗಳು ಹಾಗೇ ಉಳಿದುಕೊಳ್ಳುತ್ತವೆ. ಅರ್ಧ ಹಳೆಯದು, ಅರ್ಧ ಹೊಸದು. ಹಳೆಯ ಎ-4ಇ-ಸಿ ಫೋಲ್ಡರನ್ನು ಪೂರ್ತಿ ತೆಗೆದು, ಹೊಸ ಜಿಪ್‌ನಿಂದ ಬಿಚ್ಚಿದ್ದನ್ನು ಮಾತ್ರ ಹಾಕಿ. ಹತ್ತಾರು ಮಾಡ್ ಹಾಕುವವರಾದರೆ ಓಪನ್ ಮಾಡ್ ಮ್ಯಾನೇಜರ್ ಅಥವಾ ಓವಿಜಿಎಂಇ ಬಳಸಿ. ಎರಡೂ ಉಚಿತ. ಒಂದು ಕ್ಲಿಕ್‌ಗೆ ಮಾಡ್ ಹಾಕುತ್ತವೆ, ಒಂದು ಕ್ಲಿಕ್‌ಗೆ ಪೂರ್ತಿ ತೆಗೆಯುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ವಿಮಾನ ಮತ್ತೆ ಕಾಣೆಯಾದರೆ ಮಾಡ್‌ನ ಬಿನ್ ಫೋಲ್ಡರ್ ತೆರೆದು ನೋಡಿ. ಸ್ಕೈಹಾಕ್ ಹೇಗೆ ಹಾರಬೇಕು ಅನ್ನುವ ಲೆಕ್ಕವೆಲ್ಲ ಅಲ್ಲಿನ ಡಿಎಲ್‌ಎಲ್ ಫೈಲ್‌ನಲ್ಲಿದೆ. ಗುರುತಿಲ್ಲದ ಡಿಎಲ್‌ಎಲ್ ಕಂಡರೆ ಕೆಲವು ಆಂಟಿವೈರಸ್‌ಗಳು ಕೇಳದೆಯೇ ಎತ್ತಿಟ್ಟುಬಿಡುತ್ತವೆ. ಬಿನ್ ಖಾಲಿ ಇದ್ದರೆ ಆಂಟಿವೈರಸ್‌ನ ಕ್ವಾರಂಟೈನ್ ಪಟ್ಟಿಯಲ್ಲಿ ಹುಡುಕಿ. ಮಾಡನ್ನು ಅದರ ತಂಡದ ಅಧಿಕೃತ ಪುಟದಿಂದಲೇ ಇಳಿಸಿಕೊಂಡಿದ್ದರೆ ಮಾತ್ರ ಅದಕ್ಕೆ ವಿನಾಯಿತಿ ಕೊಡಿ. ಬೇರೆ ಎಲ್ಲಿಂದಲೋ ತಂದದ್ದಾದರೆ ಖಂಡಿತ ಕೊಡಬೇಡಿ.

ಇನ್ನು ತಲೆಯ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ನಮ್ಮಲ್ಲಿ ಬಹಳ ಜನ ಜಾಯ್‌ಸ್ಟಿಕ್‌ಗೆ ಸಾವಿರಾರು ರೂಪಾಯಿ ಹಾಕುತ್ತಾರೆ, ಗ್ರಾಫಿಕ್ಸ್ ಕಾರ್ಡ್‌ಗೆ ಅದಕ್ಕಿಂತ ಜಾಸ್ತಿ. ಕಾಕ್‌ಪಿಟ್‌ನಲ್ಲಿ ತಮ್ಮ ಕಣ್ಣು ಎಲ್ಲಿದೆ ಅಂತ ಮಾತ್ರ ಒಂದು ದಿನವೂ ನೋಡುವುದಿಲ್ಲ.

ನಿಜವಾದ ವಿಮಾನದಲ್ಲಿ ಪೈಲಟ್ ಕೂತ ಮೇಲೆ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಸೀಟಿನ ಎತ್ತರ ಸರಿಮಾಡಿಕೊಳ್ಳೋದು. ಆರಾಮಕ್ಕಾಗಿ ಮಾತ್ರ ಅಲ್ಲ. ಕಾಕ್‌ಪಿಟ್ ವಿನ್ಯಾಸ ಮಾಡುವವರು ಪೈಲಟ್‌ನ ಕಣ್ಣು ಇಂಥದೇ ಬಿಂದುವಿನಲ್ಲಿರುತ್ತದೆ ಅಂತ ಇಟ್ಟುಕೊಂಡು ಎಲ್ಲವನ್ನೂ ಜೋಡಿಸಿರುತ್ತಾರೆ. ಮೂತಿಯ ಮೇಲಿಂದ ಕೆಳಗೆ ಎಷ್ಟು ಕಾಣಬೇಕು, ಯಾವ ಗಡಿಯಾರ (ವೇಗ, ಎತ್ತರ ತೋರಿಸುವ ಡಯಲ್) ಯಾವುದರ ಹಿಂದೆ ಮರೆಯಾಗಬಾರದು, ಗನ್‌ಸೈಟ್‌ನ ಗಾಜು ಯಾವ ಕೋನದಲ್ಲಿರಬೇಕು, ಎಲ್ಲ ಆ ಬಿಂದುವಿನ ಲೆಕ್ಕದಲ್ಲೇ.

ಗನ್‌ಸೈಟ್ ಇದರಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟು. ನೀವು ನೋಡುವ ಆ ಬೆಳಕಿನ ಗುರುತು ಗಾಜಿನ ಮೇಲೆ ಬರೆದದ್ದಲ್ಲ. ಕೆಳಗಿನ ದೀಪದ ಬೆಳಕು ಲೆನ್ಸ್ ಮೂಲಕ ಹಾದು, ಓರೆಯಾಗಿ ನಿಲ್ಲಿಸಿದ ಗಾಜಿಗೆ ಬಡಿದು, ಸಮಾನಾಂತರ ಕಿರಣಗಳಾಗಿ ನಿಮ್ಮ ಕಡೆ ಬರುತ್ತದೆ. ಹಾಗಾಗಿ ಗುರುತು ದೂರದ ಗುರಿಯ ಮೇಲೆಯೇ ಕೂತ ಹಾಗೆ ಕಾಣುತ್ತದೆ. ಆ ಕಿರಣಗಳ ಕಂತೆ ಸಣ್ಣದು. ಕಣ್ಣು ಕಂತೆಯ ಒಳಗಿದ್ದರೆ ಗುರುತು ಕಾಣುತ್ತದೆ, ಹೊರಗೆ ಬಂದರೆ ಇಲ್ಲ. ಐದಾರು ಸೆಂಟಿಮೀಟರ್ ಕೆಳಗೆ ಇಳಿದರೆ ಅರ್ಧ ಗುರುತು ಮಾಯ, ಇನ್ನೂ ಇಳಿದರೆ ಪೂರ್ತಿ ಮಾಯ. ಆಟದಲ್ಲೂ ಇದನ್ನು ಹಾಗೆಯೇ ಮಾಡಿದ್ದಾರೆ. ಅಂದರೆ ನಿಮ್ಮ ಗನ್‌ಸೈಟ್ ಕೆಟ್ಟಿಲ್ಲ. ದೀಪ ಉರಿಯುತ್ತಲೇ ಇದೆ, ನಿಮ್ಮ ಕಣ್ಣು ಆ ಜಾಗದಲ್ಲಿಲ್ಲ.

ಅದರಲ್ಲೂ ಸ್ಕೈಹಾಕ್ ಬಹಳ ಇಕ್ಕಟ್ಟಿನ ವಿಮಾನ. ಡಗ್ಲಸ್ ಕಂಪನಿಯ ಎಡ್ ಹೈನೆಮನ್ ಅದನ್ನು ಬೇಕೆಂದೇ ಸಣ್ಣದಾಗಿ, ಹಗುರಾಗಿ ಮಾಡಿದ್ದು. 1954ರ ಜೂನ್ 22ರಂದು ಮೊದಲ ಸಲ ಹಾರಿತು. ರೆಕ್ಕೆಯ ತುದಿಯಿಂದ ತುದಿಗೆ 8.38 ಮೀಟರ್, ಅಷ್ಟೇ. ವಿಮಾನವಾಹಕ ಹಡಗಿನಲ್ಲಿ ಜಾಗ ಉಳಿಸೋದಕ್ಕೆ ಬೇರೆ ವಿಮಾನಗಳ ರೆಕ್ಕೆ ಮಡಚಬೇಕಾಗಿತ್ತು, ಇದಕ್ಕೆ ಅದರ ಅಗತ್ಯವೇ ಇರಲಿಲ್ಲ. (ಹೆಸರು ಕೇಳಿ ಕೆಲವರು ಇದು ನಮ್ಮ ನೌಕಾಪಡೆಯಲ್ಲೂ ಇತ್ತು ಅಂದುಕೊಳ್ಳುತ್ತಾರೆ. 1971ರಲ್ಲಿ ಐಎನ್‌ಎಸ್ ವಿಕ್ರಾಂತ್ ಮೇಲಿಂದ ಹಾರಿದ್ದು ಬ್ರಿಟನ್ನಿನ ಸೀ ಹಾಕ್. ಅದು ಬೇರೆ, ಇದು ಬೇರೆ.) ಇಂಥ ಪುಟ್ಟ ಕಾಕ್‌ಪಿಟ್‌ನಲ್ಲಿ ಹತ್ತು ಸೆಂಟಿಮೀಟರ್ ಹಿಂದೆ ಸರಿದರೆ ನೀವು ಸೀಟಿನ ಒಳಗೇ ಹೋಗಿರುತ್ತೀರಿ. ದೊಡ್ಡ ವಿಮಾನದಲ್ಲಾಗಿದ್ದರೆ ಅದು ಅಷ್ಟಾಗಿ ಗೊತ್ತೇ ಆಗುತ್ತಿರಲಿಲ್ಲ.

ಹಾಗಾದರೆ ನಿಮ್ಮ ಕಣ್ಣು ಜಾಗ ತಪ್ಪಿದ್ದು ಹೇಗೆ? ಪ್ರತಿ ಮಾಡ್ ತನ್ನದೇ ಒಂದು ವ್ಯೂಸ್.ಲುವಾ ಫೈಲ್ ತರುತ್ತದೆ. ಕಣ್ಣು ಎಲ್ಲಿರಬೇಕು, ಎಷ್ಟು ಅಗಲ ಕಾಣಬೇಕು, ತಲೆ ಎಲ್ಲಿಯವರೆಗೆ ಸರಿಯಬಹುದು ಅಂತ ಮಾಡ್ ಮಾಡಿದವರು ಅದರಲ್ಲಿ ಬರೆದಿರುತ್ತಾರೆ. ಆದರೆ ನೀವು ಯಾವತ್ತಾದರೂ ನಿಮ್ಮ ಇಷ್ಟದ ನೋಟವನ್ನು ಉಳಿಸಿಟ್ಟಿದ್ದರೆ ಅದು ಕಾನ್ಫಿಗ್ ಒಳಗಿನ ವ್ಯೂ ಫೋಲ್ಡರ್‌ನಲ್ಲಿ ಸ್ನ್ಯಾಪ್‌ವ್ಯೂಸ್.ಲುವಾ ಅನ್ನುವ ಫೈಲ್‌ಗೆ ಹೋಗುತ್ತದೆ. ಎರಡೂ ಇದ್ದಾಗ ಆಟ ಕೇಳೋದು ನಿಮ್ಮ ಫೈಲ್‌ನ ಮಾತನ್ನೇ. ಅದು ನ್ಯಾಯವೂ ಹೌದು.

ತೊಂದರೆ ಆಗಿದ್ದು ಇಲ್ಲಿ. ಲ್ಯಾಪ್‌ಟಾಪ್‌ನಲ್ಲಿ ನೀವು ಉಳಿಸಿಟ್ಟದ್ದು ಹಳೆಯ ಆವೃತ್ತಿಯ ಕಾಕ್‌ಪಿಟ್‌ಗೆ. ಮಾಡ್‌ನವರು ಕಾಕ್‌ಪಿಟ್ ಮಾದರಿಯನ್ನು ತಿದ್ದಿದಾಗ ಕಣ್ಣಿನ ಬಿಂದುವೂ ಅದರ ಜೊತೆ ಸರಿಯುತ್ತದೆ. ಆ ಬದಲಾವಣೆಯನ್ನು ಅವರು ತಮ್ಮ ವ್ಯೂಸ್.ಲುವಾದಲ್ಲಿ ಬರೆದಿರುತ್ತಾರೆ. ಗೆಳೆಯ ಕಾಪಿ ಮಾಡಿದ ಫೋಲ್ಡರ್ ಜೊತೆ ನಿಮ್ಮ ಹಳೆಯ ಸ್ನ್ಯಾಪ್‌ವ್ಯೂಸ್ ಬಂದು ಅದರ ಮೇಲೆ ಕೂತಿತು. ಹೊಸ ಕಾಕ್‌ಪಿಟ್, ಹಳೆಯ ಕಣ್ಣು. ಆಟ ತೆಗೆದು ಹಾಕಿದರೂ ಇದು ಹೋಗಲಿಲ್ಲ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಆಟ ಮುಚ್ಚಿ, ಆ ಸ್ನ್ಯಾಪ್‌ವ್ಯೂಸ್.ಲುವಾ ಹೆಸರು ಬದಲಿಸಿ. ಪಕ್ಕದಲ್ಲಿ ಸರ್ವರ್.ಲುವಾ ಅಂತ ಇನ್ನೊಂದು ಫೈಲ್ ಇದ್ದರೆ ಅದರದೂ ಬದಲಿಸಿ. ತಲೆ ಸರಿಯುವ ಮಿತಿ ಹೆಚ್ಚಿಸಿಕೊಳ್ಳೋಕೆ ಕೆಲವರು ಅದನ್ನು ಅಲ್ಲಿ ಹಾಕಿಕೊಂಡಿರುತ್ತಾರೆ. ಈಗ ಸ್ಕೈಹಾಕ್‌ನಲ್ಲಿ ಕೂತು ನೋಡಿ. ಕಣ್ಣು ಮಾಡ್‌ನವರು ಇಟ್ಟ ಜಾಗಕ್ಕೆ ಬಂದಿರುತ್ತದೆ. ನಿಮ್ಮ ದೂರುಗಳಲ್ಲಿ ದೊಡ್ಡದು ಇಲ್ಲಿಗೆ ಮುಗಿಯಬೇಕು.

ಬೇರೆ ವಿಮಾನಗಳಿಗೆ ಉಳಿಸಿಟ್ಟ ನೋಟಗಳೂ ಅದೇ ಫೈಲ್‌ನಲ್ಲಿವೆ, ಅವು ಬೇಕು ಅನ್ನಿಸಿದರೆ ಫೈಲನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆಯಿರಿ. ಒಂದೊಂದು ವಿಮಾನದ ಹೆಸರಿನ ಕೆಳಗೆ ನಂಬರ್ ಹಾಕಿದ ಗುಂಪುಗಳಿರುತ್ತವೆ. 13ನೆಯದು ನೀವು ಕಾಕ್‌ಪಿಟ್‌ಗೆ ಬಂದ ಕೂಡಲೇ ಸಿಗುವ ನೋಟ. 14 ವಿಆರ್ ಕನ್ನಡಕ ಹಾಕಿಕೊಂಡು ಆಡುವವರಿಗೆ. ಒಳಗೆ ಕೆಲವು ಸಾಲುಗಳು. ವ್ಯೂಆಂಗಲ್ ಅಂದರೆ ಎಷ್ಟು ಅಗಲ ಕಾಣುತ್ತದೆ, ಡಿಗ್ರಿಯಲ್ಲಿ. ಎಕ್ಸ್ ಟ್ರಾನ್ಸ್ ಅಂದರೆ ಮುಂದೆ-ಹಿಂದೆ, ವೈ ಟ್ರಾನ್ಸ್ ಮೇಲೆ-ಕೆಳಗೆ, ಝಡ್ ಟ್ರಾನ್ಸ್ ಎಡ-ಬಲ. ಈ ಮೂರೂ ಮೀಟರ್ ಲೆಕ್ಕ. 0.05 ಅಂದರೆ ಐದು ಸೆಂಟಿಮೀಟರ್. ಸ್ಕೈಹಾಕ್ ಹೆಸರಿನ ಗುಂಪನ್ನು ಮಾತ್ರ ತಿದ್ದಿ ಉಳಿದದ್ದನ್ನು ಬಿಡಬಹುದು. ಒಂದು ಅಲ್ಪವಿರಾಮ ತಪ್ಪಿದರೂ ಆಟ ಆ ಫೈಲನ್ನು ಓದಲಾರದು, ಹಾಗಾಗಿ ಪ್ರತಿ ಇಟ್ಟುಕೊಂಡೇ ಕೈ ಹಾಕಿ.

ಕೈಯಿಂದ ತಿದ್ದುವುದಕ್ಕಿಂತ ಕೂತು ಹೊಂದಿಸೋದೇ ನನಗೆ ಇಷ್ಟ. ಹೆಡ್ ಟ್ರ್ಯಾಕರ್ (ನಿಮ್ಮ ತಲೆ ತಿರುಗಿದ ಹಾಗೆ ಆಟದ ನೋಟವನ್ನೂ ತಿರುಗಿಸುವುದು) ಬಳಸುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಇಲ್ಲದಿದ್ದರೆ ನಿಮ್ಮ ತಲೆ ಆ ಕ್ಷಣ ಎಲ್ಲಿತ್ತೋ ಅದೂ ಸೇರಿಕೊಳ್ಳುತ್ತದೆ. ರನ್‌ವೇ ಮೇಲೆ ನಿಂತು, ನಂಬರ್ ಪ್ಯಾಡ್‌ನ 5 ಒತ್ತಿ ನೇರ ನೋಡಿ. ಬಲಗಡೆಯ ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಹಿಡಿದುಕೊಂಡು ನಂಬರ್ ಪ್ಯಾಡ್‌ನ 8 ಒತ್ತಿದರೆ ಕಣ್ಣು ಮೇಲೆ, 2 ಒತ್ತಿದರೆ ಕೆಳಗೆ, 4 ಮತ್ತು 6 ಅಕ್ಕಪಕ್ಕ. ನಕ್ಷತ್ರದ ಗುರುತು ಮುಂದೆ, ಓರೆಗೆರೆ ಹಿಂದೆ. ಗನ್‌ಸೈಟ್ ದೀಪ ಹಚ್ಚಿ, ಗುರುತು ಗಾಜಿನ ಮಧ್ಯದಲ್ಲಿ ಪೂರ್ತಿ ಕಾಣುವವರೆಗೆ ಎತ್ತರ ಸರಿಮಾಡಿ. ಆಮೇಲೆ ಮುಂದೆ-ಹಿಂದೆ. ಎತ್ತರ ಮೊದಲು, ಅಗಲ ಕೊನೆಗೆ. ಸರಿ ಅನ್ನಿಸಿದ ಮೇಲೆ ಬಲಗಡೆಯ ಆಲ್ಟ್ ಹಿಡಿದು ನಂಬರ್ ಪ್ಯಾಡ್‌ನ 0 ಒತ್ತಿ. ಉಳಿಯಿತು. ಅನುಮಾನ ಇದ್ದರೆ ಸ್ನ್ಯಾಪ್‌ವ್ಯೂಸ್.ಲುವಾ ಫೈಲ್‌ನ ಸಮಯ ನೋಡಿ, ಈಗಿನದು ಇರಬೇಕು.

ಇದನ್ನು ಓದುತ್ತಿರುವ ಲ್ಯಾಪ್‌ಟಾಪ್‌ನವರಿಗೆ ಒಂದು ಮಾತು. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ನಂಬರ್ ಪ್ಯಾಡೇ ಇರುವುದಿಲ್ಲ. ಕೆಲವದರಲ್ಲಿ ಬಲಗಡೆಯ ಕಂಟ್ರೋಲ್ ಕೂಡ ಇಲ್ಲ. ನೋಟದ ಕೀಗಳೆಲ್ಲ ಅಲ್ಲೇ ಇರುವುದರಿಂದ ಆಟವೇ ಕೆಟ್ಟಿದೆ ಅನ್ನಿಸುತ್ತದೆ. ಬೇರೆ ಯುಎಸ್‌ಬಿ ನಂಬರ್ ಪ್ಯಾಡ್ ಸಿಗುತ್ತದೆ. ಅದು ಬೇಡವಾದರೆ ಕಂಟ್ರೋಲ್ಸ್ ಪುಟದಲ್ಲಿ ವ್ಯೂ ಕಾಕ್‌ಪಿಟ್ ವಿಭಾಗಕ್ಕೆ ಹೋಗಿ ಈ ಕೆಲಸಗಳಿಗೆ ಬೇರೆ ಕೀ ಕೊಡಿ.

ಈಗ ಅಗಲದ ವಿಷಯ. ನಿಮ್ಮ 24 ಇಂಚಿನ ಮಾನಿಟರ್‌ನ ಪರದೆ ಅಡ್ಡಡ್ಡ ಸುಮಾರು 53 ಸೆಂಟಿಮೀಟರ್. ನೀವು ಅದರಿಂದ 60 ಸೆಂಟಿಮೀಟರ್ ದೂರ ಕೂತಿದ್ದರೆ, ನಿಮ್ಮ ಕಣ್ಣಿಗೆ ಆ ಪರದೆ ತುಂಬುವುದು ಸುಮಾರು 48 ಡಿಗ್ರಿ. ಅದೇ ಪರದೆಯಲ್ಲಿ ಆಟ 80 ಡಿಗ್ರಿಯ ಜಗತ್ತನ್ನು ತುರುಕಿ ತೋರಿಸುತ್ತಿದ್ದರೆ ಎಲ್ಲವೂ ನಿಜಕ್ಕಿಂತ ಸಣ್ಣದಾಗಲೇಬೇಕು. ಗಡಿಯಾರಗಳ ಅಂಕಿ ಓದಲಾಗುವುದಿಲ್ಲ ಅಂತ ಜನ ಗೋಳಾಡುವುದು ಇದಕ್ಕೇ. ಎದುರಾಳಿ ಕಾಣುವುದಿಲ್ಲ ಅನ್ನುವುದೂ ಇದಕ್ಕೇ.

ಲೆಕ್ಕ ಹಾಕಿ ನೋಡಿ. ಮೂರು ಕಿಲೋಮೀಟರ್ ದೂರದಲ್ಲಿ ಒಂದು ಸ್ಕೈಹಾಕ್ ನಿಮ್ಮ ಕಡೆಗೇ ನೇರವಾಗಿ ಬರುತ್ತಿದೆ ಅಂದುಕೊಳ್ಳಿ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ, 80 ಡಿಗ್ರಿ ನೋಟ ಇಟ್ಟುಕೊಂಡರೆ, ಅದರ ರೆಕ್ಕೆ ಆವರಿಸುವುದು ಸುಮಾರು ಮೂರು ಪಿಕ್ಸೆಲ್. ನೋಟವನ್ನು 40 ಡಿಗ್ರಿಗೆ ಇಳಿಸಿದರೆ ಏಳಕ್ಕೂ ಸ್ವಲ್ಪ ಹೆಚ್ಚು. ಮೂರು ಪಿಕ್ಸೆಲ್ ಅಂದರೆ ಧೂಳಿನ ಕಣ. ಏಳರಲ್ಲಿ ಅದು ವಿಮಾನ ಅಂತ ಗೊತ್ತಾಗುತ್ತದೆ. ಹಾಗಂತ ಯಾವಾಗಲೂ 40 ಡಿಗ್ರಿಯಲ್ಲೇ ಇರೋಕಾಗಲ್ಲ. ಕೊಳವೆಯಲ್ಲಿ ನೋಡಿದ ಹಾಗಾಗುತ್ತದೆ, ಪಕ್ಕದಿಂದ ಬಂದವನು ಕಾಣುವುದೇ ಇಲ್ಲ, ಲ್ಯಾಂಡಿಂಗ್ ಮಾಡುವಾಗ ನೆಲ ಎಷ್ಟು ಬೇಗ ಹತ್ತಿರ ಬರುತ್ತಿದೆ ಅನ್ನುವ ಅಂದಾಜು ತಪ್ಪುತ್ತದೆ.

ನಾನು ಸ್ಕೈಹಾಕ್‌ನಲ್ಲಿ ಇಟ್ಟುಕೊಂಡಿರುವುದು 70. ಅದನ್ನೇ 13ನೆಯ ನೋಟವಾಗಿ ಉಳಿಸಿದ್ದೇನೆ. ಹುಡುಕುವಾಗ, ಗುರಿ ಹಿಡಿಯುವಾಗ ಮಾತ್ರ ಜೂಮ್ ಮಾಡಿ, ಆಮೇಲೆ ಮತ್ತೆ 70ಕ್ಕೆ ಬರುತ್ತೇನೆ. ನಂಬರ್ ಪ್ಯಾಡ್‌ನ ಎಂಟರ್ ಒತ್ತಿದರೆ ಜೂಮ್ ಮೊದಲಿನ ಸ್ಥಿತಿಗೆ ಬರುತ್ತದೆ, ಆ ಕೆಲಸವನ್ನು ಜಾಯ್‌ಸ್ಟಿಕ್‌ನ ಹೆಬ್ಬೆರಳಿನ ಗುಂಡಿಗೆ ಕೊಟ್ಟಿದ್ದೇನೆ. ವಿಆರ್ ಕನ್ನಡಕ ಇರುವವರಿಗೆ ಈ ಲೆಕ್ಕ ಬೇಡ, ಅಲ್ಲಿ ಅಗಲವನ್ನು ಕನ್ನಡಕವೇ ತೀರ್ಮಾನಿಸುತ್ತದೆ.

ಜೂಮ್ ಅಂದಾಗ ನಿಮ್ಮ ಮೂರನೆಯ ದೂರು ನೆನಪಾಯಿತು, ತಾನಾಗಿಯೇ ಹತ್ತಿರ-ದೂರ ಆಗುವುದು. ಸು-25ಟಿಯಲ್ಲಿ ಇಲ್ಲ, ಸ್ಕೈಹಾಕ್‌ನಲ್ಲಿ ಮಾತ್ರ ಇದೆ ಅಂದಿರಲ್ಲ, ಅದರಿಂದ ನನಗೆ ತುಂಬ ಸಹಾಯವಾಯಿತು. ಡಿಸಿಎಸ್‌ನಲ್ಲಿ ಪ್ರತಿ ವಿಮಾನಕ್ಕೂ ಕಂಟ್ರೋಲ್ಸ್ ಬೇರೆ ಬೇರೆ. ನೀವು ಹೊಸ ಡೆಸ್ಕ್‌ಟಾಪ್‌ನಲ್ಲಿ ಸು-25ಟಿಗೆ ಕೂತು ಎಲ್ಲ ಹೊಂದಿಸಿದ್ದೀರಿ. ಸ್ಕೈಹಾಕ್‌ಗೆ ಹಳೆಯ ಲ್ಯಾಪ್‌ಟಾಪ್‌ನ ಸೆಟ್ಟಿಂಗ್ ಬಂದಿದೆ ಅಂತ ನಂಬಿದ್ದೀರಿ. ಅದು ಬಂದಿಲ್ಲ. ಜಾಯ್‌ಸ್ಟಿಕ್ ಸೆಟ್ಟಿಂಗ್ ಉಳಿಯುವ ಫೈಲ್‌ನ ಹೆಸರಿನಲ್ಲೇ ಆ ಸಾಧನದ ಉದ್ದನೆಯ ಗುರುತು ಸಂಖ್ಯೆ ಇರುತ್ತದೆ. ಕಂಪ್ಯೂಟರ್ ಬದಲಾದರೆ ಅದು ಬದಲಾಗಬಹುದು. ಒಂದೊಂದು ಸಲ ಯುಎಸ್‌ಬಿ ಪೋರ್ಟ್ ಬದಲಿಸಿದರೂ ಬದಲಾಗುತ್ತದೆ. ಗುರುತು ಸಿಗದಿದ್ದರೆ ಆಟ ಆ ಜಾಯ್‌ಸ್ಟಿಕ್ ಹೊಸದು ಅಂದುಕೊಂಡು ಅದರ ಆ್ಯಕ್ಸಿಸ್‌ಗಳನ್ನು (ಕಡ್ಡಿ, ಸ್ಲೈಡರ್‌ಗಳ ಚಲನೆಗಳನ್ನು) ತನಗೆ ತೋಚಿದ ಹಾಗೆ ಬೇರೆ ಬೇರೆ ಕೆಲಸಗಳಿಗೆ ಹಂಚಿಬಿಡುತ್ತದೆ.

ಕಂಟ್ರೋಲ್ಸ್ ಪುಟದಲ್ಲಿ ಸ್ಕೈಹಾಕ್ ಆರಿಸಿ, ಆ್ಯಕ್ಸಿಸ್ ಕಮಾಂಡ್ಸ್ ಪಟ್ಟಿಗೆ ಹೋಗಿ. ಜೂಮ್ ವ್ಯೂ ಅನ್ನುವ ಸಾಲು ಹುಡುಕಿ, ಅದರ ಎಲ್ಲ ಕಾಲಂಗಳನ್ನೂ ಎಡದಿಂದ ಬಲಕ್ಕೆ ನೋಡಿ. ಪರದೆಯ ಆಚೆ ಇನ್ನೂ ಕಾಲಂ ಇದ್ದರೆ ಸರಿಸಿ ನೋಡಿ. ಜಾಯ್‌ಸ್ಟಿಕ್ ಅಥವಾ ಥ್ರಾಟಲ್ ಕಾಲಂನಲ್ಲಿ ಅಲ್ಲಿ ಏನಾದರೂ ಕೂತಿದ್ದರೆ ತೆಗೆಯಿರಿ. ಸ್ಲೈಡರ್ ಒಳಗಿನ ಸಂಪರ್ಕ ಸವೆದಿದ್ದರೆ ನೀವು ಮುಟ್ಟದಿದ್ದರೂ ಅದರ ಅಂಕಿ ಅಲ್ಲಾಡುತ್ತಿರುತ್ತದೆ. ಅದು ಜೂಮ್‌ಗೆ ಸಿಕ್ಕಿದರೆ ದೃಶ್ಯ ಉಸಿರಾಡಿದ ಹಾಗೆ ಹಿಂದೆ-ಮುಂದೆ ಆಗುತ್ತದೆ. ಅದೇ ಪಟ್ಟಿಯಲ್ಲಿ ಕ್ಯಾಮೆರಾ ಹೆಸರಿನ ಉಳಿದ ಸಾಲುಗಳನ್ನೂ ನೋಡಿಬಿಡಿ. ಪಿಚ್, ರೋಲ್ ಸಾಲುಗಳಲ್ಲಿ ಎರಡು ಸಾಧನಗಳು ಒಟ್ಟಿಗೆ ಕೂತಿದ್ದರೆ ಒಂದನ್ನು ತೆಗೆಯಿರಿ.

ಮೌಸ್ ಚಕ್ರ ಜೂಮ್‌ಗೆ ಇರುವುದು ಸಹಜ, ಅದನ್ನು ಬಿಡಿ. ಮೌಸ್ ಅಲ್ಲಾಡಿಸಿದರೆ ಬಾಣದ ಬದಲು ತಲೆಯೇ ತಿರುಗುತ್ತದೆ ಅನ್ನಿಸಿದರೆ ಎಡಗಡೆಯ ಆಲ್ಟ್ ಜೊತೆ ಸಿ ಒತ್ತಿ. ಮೌಸ್‌ನಿಂದ ಸ್ವಿಚ್ ಒತ್ತುವುದು ಮತ್ತು ಮೌಸ್‌ನಿಂದ ನೋಡುವುದು, ಈ ಎರಡರ ನಡುವೆ ಅದು ಬದಲಾಗುತ್ತದೆ. ಗೊತ್ತಿಲ್ಲದೆ ಕೈ ತಾಗಿ ಆಗಿರುತ್ತದೆ.

ಹೆಡ್ ಟ್ರ್ಯಾಕಿಂಗ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕಂದರೆ ನಿಮಗೆ ಇದು ಖರ್ಚಿಲ್ಲದೆ ಸಿಗುತ್ತದೆ. ಓಪನ್‌ಟ್ರ್ಯಾಕ್ ಅನ್ನುವ ಉಚಿತ ತಂತ್ರಾಂಶ ಇದೆ. ಅದರ ನ್ಯೂರಲ್‌ನೆಟ್ ಟ್ರ್ಯಾಕರ್‌ಗೆ ಸಾಧಾರಣ ವೆಬ್‌ಕ್ಯಾಮ್ ಸಾಕು, ತಲೆಗೆ ಏನೂ ಕಟ್ಟಿಕೊಳ್ಳಬೇಕಿಲ್ಲ. ಮುಖದ ಮೇಲೆ ಬೆಳಕು ಚೆನ್ನಾಗಿ ಬೀಳಬೇಕು, ಬೆನ್ನ ಹಿಂದೆ ಕಿಟಕಿ ಇರಬಾರದು. ಮಧ್ಯದಲ್ಲಿ ಸ್ವಲ್ಪ ಡೆಡ್‌ಜೋನ್ (ತಲೆ ಸ್ವಲ್ಪ ಅಲ್ಲಾಡಿದರೂ ನೋಟ ಅಲ್ಲಾಡದ ಜಾಗ) ಇಟ್ಟರೆ ಗುರಿ ಹಿಡಿಯುವಾಗ ನೋಟ ನಡುಗುವುದಿಲ್ಲ. ಇದನ್ನೂ ಇವತ್ತೇ ಹಾಕಬೇಡಿ. ಮೊದಲು ಮೇಲಿನದೆಲ್ಲ ಸರಿಯಾಗಲಿ, ಎರಡು ದಿನ ಹಾರಿಸಿ, ಆಮೇಲೆ. ಒಟ್ಟಿಗೆ ಎರಡು ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಹೇಳೋಕಾಗಲ್ಲ.

ಗೆಳೆಯರ ಜೊತೆ ಸರ್ವರ್‌ನಲ್ಲಿ ಆಡುವ ಯೋಚನೆ ಇದ್ದರೆ ಇಷ್ಟು ಗೊತ್ತಿರಲಿ. ಆಟದ ಮನೆಯ ಫೈಲ್‌ಗಳನ್ನು ಬದಲಿಸುವ ಮಾಡ್‌ಗಳಿದ್ದರೆ ಇಂಟಿಗ್ರಿಟಿ ಚೆಕ್ (ಆಟದ ಫೈಲ್ ಬದಲಾಗಿದೆಯಾ ಅಂತ ನೋಡುವ ಪರೀಕ್ಷೆ) ಇರುವ ಸರ್ವರ್‌ಗಳು ಒಳಗೆ ಬಿಡುವುದಿಲ್ಲ. ಅಂಥ ಮಾಡ್‌ಗಳನ್ನು ಪ್ರತಿ ಅಪ್‌ಡೇಟ್ ಕೂಡ ಕಿತ್ತು ಬ್ಯಾಕಪ್ ಫೋಲ್ಡರ್‌ಗೆ ಹಾಕುತ್ತದೆ. ಸ್ಕೈಹಾಕ್ ನಿಮ್ಮ ಮನೆಯಲ್ಲೇ ಇರುವುದರಿಂದ ಆ ತೊಂದರೆ ಇಲ್ಲ. ಆದರೆ ಜೊತೆಗೆ ಹಾರುವ ಎಲ್ಲರೂ ಅದೇ ಆವೃತ್ತಿ ಹಾಕಿಕೊಂಡಿರಬೇಕು. ಇನ್ನೊಂದು ಮಾತು. ಈ ಮಾಡ್ ಮಾಡಿದವರು ವರ್ಷಗಟ್ಟಲೆ ಬಿಡುವಿನ ವೇಳೆಯಲ್ಲಿ ಕೂತು ಮಾಡಿ ಉಚಿತವಾಗಿ ಕೊಟ್ಟಿದ್ದಾರೆ. ಅವರಿಗೆ ದೂರು ಬರೆಯುವ ಮೊದಲು ಖಾಲಿ ಸೇವ್ಡ್ ಗೇಮ್ಸ್‌ನಲ್ಲಿ ಮಾಡ್ ಒಂದನ್ನೇ ಹಾಕಿ ನೋಡಿ. ಅಲ್ಲೂ ತೊಂದರೆ ಬಂದರೆ ಧಾರಾಳವಾಗಿ ಬರೆಯಿರಿ, ಅವರಿಗೂ ಅದರಿಂದ ಉಪಯೋಗ.

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ನನಗೆ ಮತ್ತೆ ಬರೆಯಿರಿ. ಬರೆಯುವಾಗ ಪರದೆಯ ಫೋಟೊ ಬೇಡ, ಡಿಸಿಎಸ್.ಲಾಗ್ ಕಳಿಸಿ. ಆಟವನ್ನು ತೆರೆದು, ಸ್ಕೈಹಾಕ್‌ನಲ್ಲಿ ಒಂದು ನಿಮಿಷ ಕೂತು, ಆಟ ಮುಚ್ಚಿ, ಆಗಲೇ ಆ ಫೈಲನ್ನು ಕಾಪಿ ಮಾಡಿಕೊಳ್ಳಿ. ಮುಂದಿನ ಸಲ ಆಟ ತೆರೆದರೆ ಅದರ ಜಾಗಕ್ಕೆ ಹೊಸದು ಬಂದಿರುತ್ತದೆ. ಅದರಲ್ಲಿ ಎ-4ಇ-ಸಿ ಅಂತ ಹುಡುಕಿ, ಅದೇ ಸಾಲಿನಲ್ಲೋ ಆಚೀಚೆಯೋ ಎರರ್ ಅನ್ನುವ ಪದ ಇದೆಯಾ ನೋಡಿ. ಡಿಎಲ್‌ಎಲ್ ಹೆಸರಿನ ಜೊತೆ 126 ಅನ್ನುವ ಸಂಖ್ಯೆ ಕಂಡರೆ ವಿಂಡೋಸ್‌ಗೆ ಆ ಫೈಲೋ ಅದಕ್ಕೆ ಬೇಕಾದ ಇನ್ನೊಂದು ಫೈಲೋ ಸಿಕ್ಕಿಲ್ಲ ಅಂತ ಅರ್ಥ. ಆಗ ನನಗೆ ಬರೆಯುವ ಮೊದಲು ಬಿನ್ ಫೋಲ್ಡರ್ ಇನ್ನೊಮ್ಮೆ ನೋಡಿ, ಮೈಕ್ರೋಸಾಫ್ಟ್‌ನ ವಿಷುವಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್ ಹಾಕಿ ಪ್ರಯತ್ನಿಸಿ.